ಅಗ್ನಿಪರ್ವತಗಳ ನಾಡಿನಲ್ಲಿ ಹಸಿರು ದಾರಿ

ದಾರಿಯಿಲ್ಲದ ನಾಡು ಎಷ್ಟು ಫಲವತ್ತಾಗಿದ್ದರೂ ಹೊರಜಗತ್ತಿಗೆ ಅಪರಿಚಿತವಾಗಿಯೇ ಉಳಿಯುತ್ತದೆ. ದಾರಿಗಳು ಹೆಚ್ಚಿ ಅವುಗಳ ತುಂಬ ಮೋಟಾರು ವಾಹನಗಳ ಗದ್ದಲವೇ ತುಂಬಿಕೊಂಡರೆ, ಆ ನಾಡನ್ನು ಹಾದುಹೋಗುವವನು ಅದನ್ನು ಕಣ್ಣಾರೆ ಕಾಣುವ ಅವಕಾಶದಿಂದ ವಂಚಿತನಾಗುತ್ತಾನೆ. ಒಂದು ಕಡೆ ಏಕಾಂತದ ಬಡತನ, ಇನ್ನೊಂದು ಕಡೆ ವೇಗದ ಕುರುಡುತನ. ಈ ಎರಡರ ನಡುವೆ ಮಧ್ಯಮ ಮಾರ್ಗವೊಂದು ಸಾಧ್ಯವೆ ಎಂಬ ಪ್ರಶ್ನೆಗೆ ಸ್ಪೇನ್ ದೇಶದ ಈಶಾನ್ಯ ಭಾಗದ ಒಂದು ಸಣ್ಣ ಪ್ರದೇಶವು ತಕ್ಕ ಉತ್ತರವನ್ನು ಕೊಟ್ಟಿದೆ. ಅಲ್ಲಿ ಆರಿಹೋದ ಅಗ್ನಿಪರ್ವತಗಳ ಮಗ್ಗುಲಿನಿಂದ ಹೊರಟು ಸಮುದ್ರತೀರದವರೆಗೆ ಸೈಕಲ್ ಸವಾರರಿಗೂ ಪಾದಚಾರಿಗಳಿಗೂ ಮೀಸಲಾದ ದಾರಿಯೊಂದು ಹರಿದಿದೆ. ಅದು ಹೊಸದಾಗಿ ಕಡಿದ ದಾರಿಯಲ್ಲ. ನಿಂತುಹೋದ ಹಳೆಯ ರೈಲು ಮಾರ್ಗವೇ ಅಲ್ಲಿ ಹೊಸ ಜನ್ಮವನ್ನು ಪಡೆದಿದೆ.

ಈ ಪ್ರದೇಶದ ಹೆಸರು ಗರೋಚಾ. ಕತಲೋನಿಯಾ ಪ್ರಾಂತದಲ್ಲಿ, ಪಿರಿನೀಸ್ ಪರ್ವತಶ್ರೇಣಿಯ ದಕ್ಷಿಣದ ತಪ್ಪಲಿನಲ್ಲಿ ಇದು ನೆಲೆಗೊಂಡಿದೆ. ಓಲೋಟ್ ಎಂಬ ಪಟ್ಟಣವು ಇದರ ಮುಖ್ಯ ಸ್ಥಳ. ಗರೋಚಾ ಎಂಬ ಮಾತಿಗೆ ಒರಟು ನೆಲ, ಕಾಲಿಟ್ಟು ನಡೆಯಲು ಕಷ್ಟವಾದ ನೆಲ ಎಂದು ಅಲ್ಲಿನ ಜನರು ಅರ್ಥ ಹೇಳುತ್ತಾರೆ. ನಡೆಯಲು ಕಷ್ಟವೆಂದು ಹೆಸರಾದ ನಾಡಿನಲ್ಲಿಯೇ ಇಂದು ಮಕ್ಕಳೂ ಮುದುಕರೂ ಆಯಾಸವಿಲ್ಲದೆ ಸೈಕಲ್ ತುಳಿದು ಸಾಗುತ್ತಾರೆ. ಇದು ಹೇಗೆ ಸಾಧ್ಯವಾಯಿತು ಎಂಬುದನ್ನು ತಿಳಿಯಬೇಕಾದರೆ ಮೊದಲು ಆ ನೆಲದ ಹುಟ್ಟನ್ನೂ ಅನಂತರ ಆ ದಾರಿಯ ಹುಟ್ಟನ್ನೂ ಅರಿಯಬೇಕು.

ಬೆಂಕಿ ಕಟ್ಟಿದ ನೆಲ

ಅಗ್ನಿಪರ್ವತವೆಂದೊಡನೆ ಗಗನಚುಂಬಿಯಾದ ಶಿಖರವೂ ಅದರ ತುದಿಯಲ್ಲಿ ಹೊಗೆಯೂ ಕಣ್ಣಮುಂದೆ ಬರುವುದು ಸಹಜ. ಗರೋಚಾದ ಅಗ್ನಿಪರ್ವತಗಳು ಹಾಗಿಲ್ಲ. ಅವು ಗುಡ್ಡಗಳೆಂದು ಕರೆಯಬಹುದಾದಷ್ಟೇ ಎತ್ತರವಾಗಿದ್ದು, ಮೈತುಂಬ ಕಾಡನ್ನು ಹೊದ್ದು ಶಾಂತವಾಗಿ ನಿಂತಿವೆ. ಇಂಥ ಸುಮಾರು 40 ಶಂಕುಗಳು ಈ ಪ್ರದೇಶದಲ್ಲಿ ಇವೆ. ಓಲೋಟ್ ಪಟ್ಟಣದ ಎಲ್ಲೆಯೊಳಗೇ ನಾಲ್ಕು ಅಗ್ನಿಪರ್ವತಗಳಿದ್ದು, ಅವುಗಳಲ್ಲಿ ಮೊಂಟ್ಸಕೋಪ ಎಂಬುದರ ನೆತ್ತಿಯ ಮೇಲೆ ಒಂದು ಪ್ರಾರ್ಥನಾ ಮಂದಿರವಿದೆ. ಜನರು ಸಂಜೆಯ ಗಾಳಿಸೇವನೆಗೆ ಅಗ್ನಿಪರ್ವತವನ್ನು ಹತ್ತಿ ಇಳಿಯುವ ಊರುಗಳು ಜಗತ್ತಿನಲ್ಲಿ ವಿರಳ.

ಇಲ್ಲಿನ ಅಗ್ನಿಕ್ರಿಯೆಯು ಲಕ್ಷಾಂತರ ವರ್ಷಗಳಷ್ಟು ದೀರ್ಘವಾಗಿ, ನಡುನಡುವೆ ಬಹಳ ಬಿಡುವು ಕೊಟ್ಟು ನಡೆದುದು. ಕೊನೆಯ ಸ್ಫೋಟಗಳು ಸಂಭವಿಸಿ ಹತ್ತು ಹದಿನೈದು ಸಾವಿರ ವರ್ಷಗಳಾದವು. ಮನುಷ್ಯನ ಆಯುಸ್ಸಿಗೆ ಇದು ಬಹು ದೀರ್ಘ ಕಾಲವಾದರೂ ಭೂಮಿಯ ಆಯುಸ್ಸಿನಲ್ಲಿ ನಿನ್ನೆ ಮೊನ್ನೆಯ ಮಾತು. ಆದುದರಿಂದಲೇ ಈ ಶಂಕುಗಳ ಆಕಾರವು ಮಳೆಗಾಳಿಗಳಿಂದ ಇನ್ನೂ ಸವೆದುಹೋಗಿಲ್ಲ.

ಒಂದೊಂದು ಸಲ ಒಂದೊಂದು ಬಾಯಿ ತೆರೆದು, ಕೆಲವು ಕಾಲ ಉರಿದು, ಮತ್ತೆಂದೂ ಏಳದಂತೆ ಆರಿಹೋಗುವುದು ಈ ಬಗೆಯ ಅಗ್ನಿಪರ್ವತಗಳ ಸ್ವಭಾವ. ಭೂಗರ್ಭದಿಂದ ಮೇಲೇರಿದ ಶಿಲಾರಸದಲ್ಲಿ ಅನಿಲಗಳು ಬೆರೆತಿರುತ್ತವೆ. ನೆಲದ ಹತ್ತಿರ ಬಂದಂತೆ ಒತ್ತಡ ಕಡಿಮೆಯಾಗಿ ಆ ಅನಿಲಗಳು ಗುಳ್ಳೆಗಟ್ಟಿ ಸಿಡಿಯುತ್ತವೆ. ಆಗ ಶಿಲಾರಸವು ತುಣುಕು ತುಣುಕಾಗಿ ಆಕಾಶಕ್ಕೆ ಚಿಮ್ಮಿ, ಗಾಳಿಯಲ್ಲಿಯೇ ತಣಿದು, ತೂತುತೂತಾದ ಹಗುರವಾದ ಜಲ್ಲಿಯಾಗಿ ಬಾಯಿಯ ಸುತ್ತ ರಾಶಿಗೊಳ್ಳುತ್ತದೆ. ರಾಶಿ ಬೆಳೆದು ಶಂಕುವಾಗುತ್ತದೆ. ಹೀಗೆ ಆದ ಶಂಕುಗಳಲ್ಲಿ ಕ್ರೊಸ್ಕಾಟ್ ಎಂಬುದು ಬಹು ದೊಡ್ಡದು. ಅದರ ಬುಡದಿಂದ ತುದಿಗೆ 160 ಮೀಟರುಗಳಿಗೆ ಕಡಿಮೆಯಿಲ್ಲದ ಎತ್ತರವಿದೆ. ಶಿಲಾರಸವು ನೆಲದೊಳಗಣ ನೀರನ್ನು ಸಂಧಿಸಿದಾಗ ಮಾತ್ರ ಸ್ಫೋಟದ ರೀತಿ ಬೇರೆಯಾಗುತ್ತದೆ. ನೀರು ಒಮ್ಮೆಲೇ ಆವಿಯಾಗಿ ಅತ್ಯಂತ ರಭಸದಿಂದ ಸಿಡಿದು ಅಗಲವಾದ ಕುಳಿಯನ್ನು ಉಂಟುಮಾಡುತ್ತದೆ. ಕ್ರೊಸ್ಕಾಟ್‌ಗೆ ನೆರೆಯಾಗಿರುವ ಸಾಂತಾ ಮಾರ್ಗರಿದಾ ಅಗ್ನಿಪರ್ವತದ ಹುಟ್ಟಿನಲ್ಲಿ ಇಂಥ ಆವಿಯ ಪಾತ್ರವು ಹಿರಿದು. ಅದರ ಕುಳಿಯ ಸುತ್ತಳತೆ ಸುಮಾರು 2 ಕಿಲೋಮೀಟರು. ಕುಳಿಯ ತಳದಲ್ಲಿ ಹಸಿರು ಹುಲ್ಲುಗಾವಲು, ಅದರ ನಡುವೆ ಒಂದು ಪುಟ್ಟ ದೇಗುಲ. 1428ರ ಭೂಕಂಪದಲ್ಲಿ ಹಳೆಯ ದೇಗುಲವು ಬಿದ್ದುಹೋಗಿ, 1865ರಲ್ಲಿ ಅದನ್ನು ಮರಳಿ ಕಟ್ಟಲಾಯಿತು.

ಆ ಭೂಕಂಪದ ಬಗ್ಗೆ ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸುವುದು ಉಚಿತ. 1427 ಮತ್ತು 1428ರಲ್ಲಿ ಈ ಭಾಗದಲ್ಲಿ ಭೂಮಿ ಮತ್ತೆ ಮತ್ತೆ ಕಂಪಿಸಿ ಓಲೋಟ್, ಅಮೇರ್ ಮೊದಲಾದ ಊರುಗಳು ನೆಲಸಮವಾದವು. ಇದು ಅಗ್ನಿಪರ್ವತಗಳ ಕೋಪವೆಂದು ಭಾವಿಸುವುದು ತಪ್ಪು. ಭೂಪದರದಲ್ಲಿರುವ ಸ್ತರಭಂಗಗಳ ಉದ್ದಕ್ಕೂ ಶಿಲೆಗಳು ಜರುಗಿದುದೇ ಈ ಕಂಪನಗಳಿಗೆ ಕಾರಣ. ಅದೇ ಸ್ತರಭಂಗಗಳು ಹಿಂದೊಮ್ಮೆ ಶಿಲಾರಸಕ್ಕೂ ಮೇಲೇರುವ ಹಾದಿಯಾಗಿ ಒದಗಿದವು ಎಂಬಷ್ಟೇ ಇವೆರಡಕ್ಕೂ ಇರುವ ಸಂಬಂಧ.

ಲಾವಾ ಹರಿದ ಜಾಡು

ಶಂಕುಗಳಿಗಿಂತಲೂ ಹೆಚ್ಚಾಗಿ ಈ ನಾಡಿನ ಮುಖವನ್ನು ರೂಪಿಸಿದುದು ಲಾವಾ ಪ್ರವಾಹ. ಕ್ರೊಸ್ಕಾಟ್‌ನ ಒಂದು ಮಗ್ಗುಲು ಒಡೆದು ಹೊರಬಿದ್ದ ಲಾವಾ ಪಶ್ಚಿಮದ ತಗ್ಗಿನಲ್ಲಿ ಹರಡಿ ಗಟ್ಟಿಯಾಯಿತು. ಅದರ ಮೇಲೆ ಇಂದು ಫಗೇದಾ ದೆನ್ ಜೊರ್ದಾ ಎಂಬ ಬೀಚ್ ಮರಗಳ ಕಾಡು ಬೆಳೆದಿದೆ. ಆ ಅಕ್ಷಾಂಶದಲ್ಲಿ ಬೀಚ್ ಮರವು ಸಾಮಾನ್ಯವಾಗಿ ಎತ್ತರದ ಪರ್ವತಗಳಲ್ಲಿ ಬೆಳೆಯತಕ್ಕದ್ದು. ಇಲ್ಲಿಯಾದರೋ ಸಮುದ್ರಮಟ್ಟದಿಂದ ಸುಮಾರು 600 ಮೀಟರು ಎತ್ತರದಲ್ಲಿಯೇ ದಟ್ಟವಾಗಿ ನಿಂತಿದೆ. ಧಾರಾಳವಾದ ಮಳೆ, ತಂಪಾದ ಮಂಜು, ತೇವವನ್ನು ಹಿಡಿದಿಡುವ ಲಾವಾ ನೆಲ ಇವು ಅದಕ್ಕೆ ಕಾರಣ. ಓಲೋಟ್‌ನಲ್ಲಿ ಮಳೆ ಬಾರದಿದ್ದರೆ ಮತ್ತೆಲ್ಲಿಯೂ ಮಳೆಯಿಲ್ಲ ಎಂಬ ಗಾದೆ ಆ ಕಡೆ ಪ್ರಚಲಿತವಾಗಿದೆ. ಇಷ್ಟು ಮಳೆ ಸುರಿದರೂ ಆ ಕಾಡಿನಲ್ಲಿ ಒಂದು ಹಳ್ಳವೂ ಹರಿಯುವುದಿಲ್ಲ ಎಂಬುದು ವಿಸ್ಮಯದ ಸಂಗತಿ. ಬಿದ್ದ ನೀರೆಲ್ಲವೂ ಲಾವಾ ಬಂಡೆಗಳ ಬಿರುಕುಗಳಲ್ಲಿ ಇಂಗಿ ಪಾತಾಳವನ್ನು ಸೇರುತ್ತದೆ.

ಲಾವಾ ಪ್ರವಾಹವು ಇನ್ನೊಂದು ಉಪಕಾರವನ್ನೂ ಮಾಡಿದೆ. ಕಣಿವೆಗಳಿಗೆ ಅದು ಅಡ್ಡಗಟ್ಟೆಯಾಗಿ ನಿಂತಾಗ ನದಿಗಳ ನೀರು ಹಿಂದಕ್ಕೆ ನಿಂತು ಕೆರೆಯಾಯಿತು. ಕಾಲಕ್ರಮದಲ್ಲಿ ಆ ಕೆರೆಗಳು ಹೂಳಿನಿಂದ ತುಂಬಿ ಸಮತಟ್ಟಾದ, ಫಲವತ್ತಾದ ಬಯಲುಗಳಾದವು. ಓಲೋಟ್‌ಗೆ ದಕ್ಷಿಣದಲ್ಲಿರುವ ಎನ್ ಬಾಸ್ ಎಂಬ ಬಯಲು ಅಂಥದು. ಸುತ್ತಲೂ ಬೆಟ್ಟಗಳಿದ್ದರೂ ನಡುವೆ ಮೇಜಿನಂತೆ ಹರಡಿದ ಹೊಲಗಳನ್ನು ಕಂಡಾಗ, ಇದು ಒಂದು ಕಾಲದಲ್ಲಿ ಕೆರೆಯ ತಳವಾಗಿತ್ತು ಎಂಬುದು ಮನವರಿಕೆಯಾಗುತ್ತದೆ.

ಆದರೆ ಎಲ್ಲ ನೆಲವೂ ಇಷ್ಟು ಸುಲಭವಾಗಿ ರೈತನಿಗೆ ದಕ್ಕಲಿಲ್ಲ. ಲೆಸ್ ಪ್ರೆಸೆಸ್ ಎಂಬ ಊರಿನ ಹತ್ತಿರ ನೇಗಿಲೇ ಇಳಿಯದಂಥ ಲಾವಾ ಬಂಡೆಗಳ ಹಾಸು ಇದೆ. 19ನೆಯ ಶತಮಾನದಲ್ಲಿ ಭೂಮಿಯಿಲ್ಲದ ಬಡವರು ಅಲ್ಲಿಗೆ ಬಂದು, ಕಲ್ಲುಗಳನ್ನು ಒಂದೊಂದಾಗಿ ಕಿತ್ತು, ಗೋಡೆಗಳಾಗಿ, ಗುಡ್ಡೆಗಳಾಗಿ, ಗುಡಿಸಲುಗಳಾಗಿ ಒಟ್ಟಿ, ನಡುವೆ ಸಿಕ್ಕಿದ ಹಿಡಿಮಣ್ಣಿನಲ್ಲಿ ಬೆಳೆ ತೆಗೆದರು. ಇಂದಿಗೂ ಆ ಕಲ್ಲುಗೋಡೆಗಳು ಜಾಲದಂತೆ ಹರಡಿ ನಿಂತಿವೆ. ಒರಟು ನೆಲ ಎಂಬ ಹೆಸರು ಎಷ್ಟು ಸಾರ್ಥಕವೆಂಬುದಕ್ಕೆ ಈ ಗೋಡೆಗಳೇ ಸಾಕ್ಷಿ.

ಕನ್ನಡ ನಾಡಿನ ಉತ್ತರ ಭಾಗದ ಓದುಗರಿಗೆ ಈ ಶಿಲೆ ಅಪರಿಚಿತವಲ್ಲ. ಬೀದರ, ವಿಜಯಪುರ, ಬೆಳಗಾವಿ, ಕಲಬುರಗಿ ಜಿಲ್ಲೆಗಳ ಅನೇಕ ಭಾಗಗಳಲ್ಲಿ ಕಾಣುವ ಕರಿಯ ಕಲ್ಲೂ ಇದೇ ಬಸಾಲ್ಟ್ ಜಾತಿಗೆ ಸೇರಿದುದು. ಎರೆಮಣ್ಣು ಅದರ ಸವೆತದಿಂದಲೇ ಹುಟ್ಟಿದುದು. ಆದರೆ ವ್ಯತ್ಯಾಸವೂ ಉಂಟು. ದಖ್ಖಣದ ಲಾವಾ ಸುಮಾರು 6.6 ಕೋಟಿ ವರ್ಷಗಳ ಹಿಂದೆ, ನೆಲದ ಉದ್ದವಾದ ಬಿರುಕುಗಳಿಂದ ಹೊಮ್ಮಿ, ಪದರದ ಮೇಲೆ ಪದರವಾಗಿ ವಿಶಾಲ ಪ್ರದೇಶವನ್ನೇ ಮುಚ್ಚಿತು. ಗರೋಚಾದಲ್ಲಿ ಅದು ಪುಟ್ಟ ಪುಟ್ಟ ಬಾಯಿಗಳಿಂದ, ತೀರ ಇತ್ತೀಚೆಗೆ ಹೊರಬಂದುದರಿಂದ ಬಾಯಿಯೂ ಶಂಕುವೂ ಹಾಗೆಯೇ ಉಳಿದಿವೆ.

ಪುಟ್ಟ ರೈಲಿನ ಕಥೆ

ಇಂಥ ನಾಡಿನ ನಡುವೆ ಇದ್ದ ಓಲೋಟ್ ಪಟ್ಟಣವು ಜವಳಿ ಕೈಗಾರಿಕೆಗೂ, ಕ್ರೈಸ್ತ ಸಂತರ ವಿಗ್ರಹಗಳನ್ನು ಮಾಡುವ ಕಲೆಗೂ ಹೆಸರಾಗಿತ್ತು. ಮಾಡಿದ ಸರಕನ್ನು ಪೇಟೆಗೆ ಸಾಗಿಸಲು ಬೆಟ್ಟಗಳು ಅಡ್ಡಿ. ಹೀಗಾಗಿ ಜಿರೋನಾ ನಗರದಿಂದ ಓಲೋಟ್‌ವರೆಗೆ ರೈಲು ಮಾರ್ಗವನ್ನು ಹಾಕುವ ಪ್ರಯತ್ನ ಪ್ರಾರಂಭವಾಯಿತು. ಬ್ರಿಟಿಷ್ ಬಂಡವಾಳದ ನೆರವಿನಿಂದ ಕೆಲಸ ಸಾಗಿ, 1895ರಲ್ಲಿ ಮೊದಲ ಭಾಗವು ಸಂಚಾರಕ್ಕೆ ತೆರೆಯಿತು. ಕಂತು ಕಂತಾಗಿ ಮುಂದುವರಿದ ಹಳಿಯು ಓಲೋಟ್ ಮುಟ್ಟಿದುದು 1911ರಲ್ಲಿ. ಜಿರೋನಾದಿಂದ ಸಮುದ್ರತೀರದ ಸಾಂತ್ ಫೆಲಿಯು ದೆ ಗೀಶೋಲ್ಸ್ ಬಂದರಿಗೆ ಹೋಗುವ ಇನ್ನೊಂದು ಮಾರ್ಗವು 1892ರಲ್ಲಿಯೇ ಸಿದ್ಧವಾಗಿತ್ತು.

ಎರಡು ಮಾರ್ಗಗಳಲ್ಲಿಯೂ ಹಳಿಗಳ ನಡುವಣ ಅಂತರ ಕೇವಲ 750 ಮಿಲಿಮೀಟರು. ಹಳಿ ಕಿರಿದಾದಷ್ಟೂ ಬಂಡಿ ಕಿರಿದು. ಬಂಡಿ ಕಿರಿದಾದಷ್ಟೂ ಕಡಿದಾದ ತಿರುವುಗಳಲ್ಲಿ ಅದು ಸುಲಭವಾಗಿ ಹೊರಳಬಲ್ಲದು. ಬೆಟ್ಟವನ್ನು ಸೀಳದೆ ಬೆಟ್ಟದ ಮೈಯನ್ನು ಅನುಸರಿಸಿಯೇ ಹೋಗಬಹುದಾದ್ದರಿಂದ ಖರ್ಚೂ ಕಡಿಮೆ. ಜನರು ಇದನ್ನು ಅಕ್ಕರೆಯಿಂದ ಕರಿಲೆಟ್, ಅಂದರೆ ಪುಟ್ಟ ಹಳಿಬಂಡಿ, ಎಂದು ಕರೆದರು. ವೇಗದಲ್ಲಿ ಅದು ದೊಡ್ಡದೇನೂ ಆಗಿರಲಿಲ್ಲ. ಆದರೂ ಸಂತೆಗೆ ಹೋಗುವ ರೈತರಿಗೂ ನೂಲಿನ ಗಿರಣಿಗಳ ಕೆಲಸಗಾರರಿಗೂ ಪಟ್ಟಣದ ಸಂಬಂಧವನ್ನು ಕಲ್ಪಿಸಿದುದು ಅದೇ.

ಕಾಲ ಬದಲಾಯಿತು. ರಸ್ತೆಗಳು ಸುಧಾರಿಸಿ ಲಾರಿಗಳೂ ಬಸ್ಸುಗಳೂ ಹೆಚ್ಚಿದವು. ಸರಕು ಕೈತಪ್ಪಿತು, ಪ್ರಯಾಣಿಕರು ಕಡಿಮೆಯಾದರು. 1969ರಲ್ಲಿ ಎರಡೂ ಮಾರ್ಗಗಳಲ್ಲಿ ಸಂಚಾರವನ್ನು ನಿಲ್ಲಿಸಲಾಯಿತು. ಹಳಿಗಳನ್ನು ಕಿತ್ತೊಯ್ದರು. ನಿಲ್ದಾಣಗಳ ಬಾಗಿಲುಗಳು ಮುಚ್ಚಿದವು. ಹಾದಿಯ ಮೇಲೆ ಮುಳ್ಳುಪೊದೆಗಳು ಬೆಳೆದವು. ಲಾಭವಿಲ್ಲದ್ದು ನಿರುಪಯುಕ್ತ ಎಂಬ ಲೆಕ್ಕಾಚಾರದಲ್ಲಿ ಆ ಹಾದಿಯ ಆಯುಸ್ಸು ಮುಗಿದಂತೆಯೇ ಕಾಣಿಸಿತು.

ಕೊರೆದ ಬೆಟ್ಟ, ಎಚ್ಚೆತ್ತ ಜನ

ಅದೇ ಕಾಲದಲ್ಲಿ ಅಲ್ಲಿನ ಬೆಟ್ಟಗಳಿಗೂ ಕಷ್ಟ ಒದಗಿತ್ತು. ಅಗ್ನಿಪರ್ವತದ ಜಲ್ಲಿಯು ಹಗುರವಾದುದರಿಂದ ಕಟ್ಟಡದ ಇಟ್ಟಿಗೆಗಳ ತಯಾರಿಕೆಗೆ ಅದಕ್ಕೆ ಬಹಳ ಬೇಡಿಕೆಯಿತ್ತು. ಕ್ರೊಸ್ಕಾಟ್‌ನ ಮೈಗೆ ಯಂತ್ರಗಳು ಬಾಯಿಹಾಕಿದವು. ದಶಕಗಳ ಕಾಲ ಕೊರೆದು ಕೊರೆದು, ಸುಮಾರು 100 ಮೀಟರು ಎತ್ತರಕ್ಕೂ 500 ಮೀಟರು ಉದ್ದಕ್ಕೂ ಬೆಟ್ಟವು ಹಣ್ಣಿನ ಹೋಳಿನಂತೆ ಸೀಳಿಹೋಯಿತು. ಹೀಗೆಯೇ ಬಿಟ್ಟರೆ ಅಗ್ನಿಪರ್ವತಗಳ ನಾಡಿನಲ್ಲಿ ಅಗ್ನಿಪರ್ವತಗಳೇ ಉಳಿಯಲಾರವು ಎಂಬ ಆತಂಕವು ಜನರಲ್ಲಿ ಮೂಡಿತು. 1970ರ ದಶಕದಲ್ಲಿ ವಿಜ್ಞಾನಿಗಳೂ ಸಾಮಾನ್ಯ ನಾಗರಿಕರೂ ಕೂಡಿ ಇವುಗಳ ರಕ್ಷಣೆಗಾಗಿ ಚಳವಳಿಯನ್ನು ನಡೆಸಿದರು. ಅದರ ಫಲವಾಗಿ 1982ರಲ್ಲಿ ಕತಲೋನಿಯಾದ ಶಾಸನಸಭೆಯು ಗರೋಚಾ ಅಗ್ನಿಪರ್ವತ ಪ್ರದೇಶವನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸುವ ಕಾನೂನನ್ನು ಅಂಗೀಕರಿಸಿತು. ಆದರೂ ಕ್ರೊಸ್ಕಾಟ್‌ನಲ್ಲಿ ಗಣಿಗಾರಿಕೆ ಪೂರ್ಣವಾಗಿ ನಿಂತುದು 1990ರ ದಶಕದ ಆರಂಭದಲ್ಲಿ. ಕಾನೂನು ಆದ ದಿನವೇ ಕೇಡು ನಿಲ್ಲುವುದಿಲ್ಲ, ಅದರ ಬೆನ್ನು ಹತ್ತಿ ನಡೆಸುವ ಜನ ಬೇಕು ಎಂಬುದು ಇದರಿಂದ ವಿದಿತವಾಗುತ್ತದೆ.

ಆ ಗಾಯವನ್ನು ಮುಚ್ಚಲು ಅನಂತರ ಯಾರೂ ಹೋಗಲಿಲ್ಲ. ಕುಸಿಯದಂತೆ ಭದ್ರಪಡಿಸಿ ಹಾಗೆಯೇ ಉಳಿಸಿದರು. ಇಂದು ಅದರ ಮುಂದೆ ನಿಂತ ವಿದ್ಯಾರ್ಥಿಯು ಅಗ್ನಿಪರ್ವತದ ಒಳಮೈಯನ್ನು ಪುಸ್ತಕದ ಪುಟದಂತೆ ಓದಬಹುದು. ಕಪ್ಪು, ಕೆಂಪು, ಕಂದು ಬಣ್ಣದ ಜಲ್ಲಿಯ ಪದರಗಳು ಯಾವ ಸ್ಫೋಟದ ಮೇಲೆ ಯಾವ ಸ್ಫೋಟವಾಯಿತು ಎಂಬುದನ್ನು ಸಾರುತ್ತವೆ. ನಷ್ಟವಾದುದು ನಷ್ಟವೇ ಸರಿ. ಆದರೆ ಆ ನಷ್ಟದಿಂದಲೂ ಪಾಠವನ್ನು ಪಡೆಯುವ ವಿವೇಕವನ್ನು ಅಲ್ಲಿನವರು ತೋರಿದರು.

ಹಳಿಯಿಂದ ಹಾದಿ

ಇದೇ ವಿವೇಕವು ಕೈಬಿಟ್ಟ ರೈಲು ಮಾರ್ಗದ ವಿಷಯದಲ್ಲಿಯೂ ಕೆಲಸ ಮಾಡಿತು. 1993ರಲ್ಲಿ ಸ್ಪೇನ್ ದೇಶದಲ್ಲಿ ನಡೆದ ಗಣತಿಯಂತೆ ಬಳಕೆಯಲ್ಲಿಲ್ಲದ ರೈಲು ಮಾರ್ಗಗಳ ಉದ್ದ 7,600 ಕಿಲೋಮೀಟರುಗಳನ್ನು ಮೀರಿತ್ತು. ಅವುಗಳ ಜೊತೆಗೆ ನೂರಾರು ಸುರಂಗಗಳೂ ಸೇತುವೆಗಳೂ ನಿಲ್ದಾಣಗಳೂ ಪಾಳುಬಿದ್ದಿದ್ದವು. ಇವುಗಳನ್ನು ಪಾದಚಾರಿಗಳಿಗೂ ಸೈಕಲ್ ಸವಾರರಿಗೂ ಮೀಸಲಾದ ಹಾದಿಗಳನ್ನಾಗಿ ಪರಿವರ್ತಿಸುವ ಯೋಜನೆಯು ಆ ವರ್ಷವೇ ಪ್ರಾರಂಭವಾಯಿತು. ಇವಕ್ಕೆ ಹಸಿರು ದಾರಿಗಳು ಎಂದು ಹೆಸರಾಯಿತು. ಇಂದು ದೇಶದಾದ್ಯಂತ 3,000 ಕಿಲೋಮೀಟರುಗಳಿಗೂ ಹೆಚ್ಚು ಉದ್ದದ ಇಂಥ ದಾರಿಗಳಿವೆ. ಕರಿಲೆಟ್ ಮಾರ್ಗವೂ ಅವುಗಳಲ್ಲಿ ಒಂದು.

ಹಳೆಯ ರೈಲು ಮಾರ್ಗವೇ ಸೈಕಲ್ಲಿಗೆ ಏಕೆ ಇಷ್ಟು ಒಪ್ಪುತ್ತದೆ ಎಂಬುದು ವಿಚಾರಾರ್ಹ. ಉಕ್ಕಿನ ಚಕ್ರವು ಉಕ್ಕಿನ ಹಳಿಯ ಮೇಲೆ ಉರುಳುವಾಗ ಘರ್ಷಣೆ ಅತ್ಯಲ್ಪ. ಸಮತಟ್ಟಿನಲ್ಲಿ ಇದು ವರವಾದರೆ ಏರಿನಲ್ಲಿ ಶಾಪ. ಹಿಡಿತ ಸಾಲದೆ ಚಕ್ರ ಜಾರುತ್ತದೆ. ಆದುದರಿಂದ ರೈಲು ಮಾರ್ಗವನ್ನು ಹಾಕುವ ಎಂಜಿನಿಯರನು ಏರನ್ನು ಸಾಧ್ಯವಾದಷ್ಟು ತಗ್ಗಿಸಲೇಬೇಕು. ಬೆಟ್ಟದ ನಾಡಿನಲ್ಲಿಯೂ 100 ಮೀಟರು ದೂರಕ್ಕೆ ಎರಡು ಮೂರು ಮೀಟರಿಗಿಂತ ಹೆಚ್ಚು ಏರದಂತೆ ನೋಡಿಕೊಳ್ಳುತ್ತಾನೆ. ಉಗಿಯಂತ್ರಕ್ಕಾಗಿ ಪಟ್ಟ ಈ ಶ್ರಮದ ಫಲವು ಮನುಷ್ಯನ ಕಾಲುಗಳಿಗೆ ದಕ್ಕಿತು.

ಒಂದು ಸಣ್ಣ ಲೆಕ್ಕದಿಂದ ಇದನ್ನು ಮನಗಾಣಬಹುದು. ಸವಾರ ಮತ್ತು ಸೈಕಲ್ಲಿನ ಒಟ್ಟು ತೂಕ 90 ಕಿಲೋಗ್ರಾಂ ಎಂದೂ, ವೇಗವು ಗಂಟೆಗೆ 12 ಕಿಲೋಮೀಟರು ಎಂದೂ ಇಟ್ಟುಕೊಳ್ಳೋಣ. ಏರು 100 ಮೀಟರಿಗೆ 2 ಮೀಟರು ಇದ್ದರೆ ಭೂಮಿಯ ಸೆಳೆತವನ್ನು ಗೆಲ್ಲಲು ಬೇಕಾಗುವ ಸಾಮರ್ಥ್ಯ ಸುಮಾರು 60 ವಾಟ್. ಸಾಮಾನ್ಯ ಆರೋಗ್ಯವುಳ್ಳ ಯಾರಾದರೂ ಇದನ್ನು ಬಹುಹೊತ್ತು ಒದಗಿಸಬಲ್ಲರು. ಅದೇ ಏರು 100 ಮೀಟರಿಗೆ 8 ಮೀಟರು ಆದರೆ ಬೇಕಾಗುವ ಸಾಮರ್ಥ್ಯ ಸುಮಾರು 235 ವಾಟ್. ಪಳಗಿದ ಸವಾರನ ಹೊರತು ಇತರರು ಇಳಿದು ತಳ್ಳಿಕೊಂಡು ಹೋಗದೆ ಗತಿಯಿಲ್ಲ. ಒರಟು ನೆಲವನ್ನು ಎಲ್ಲರಿಗೂ ಸುಗಮಗೊಳಿಸಿದ ರಹಸ್ಯವು ಈ ಅಂಕಿಗಳಲ್ಲಿ ಅಡಗಿದೆ.

ಇನ್ನೊಂದು ಸಂಗತಿಯೂ ಅಷ್ಟೇ ಮುಖ್ಯವಾದುದು. ರೈಲು ಮಾರ್ಗದ ಬೆಲೆ ಅದರ ಅಖಂಡತೆಯಲ್ಲಿ ಇದೆ. ಐವತ್ತು ಕಿಲೋಮೀಟರು ಉದ್ದದ ಪಟ್ಟಿಯ ನಡುವೆ ಒಂದೆರಡು ಕಡೆ ಮನೆ ಎದ್ದರೆ, ಹೊಲ ನುಂಗಿದರೆ, ಉಳಿದುದೆಲ್ಲವೂ ತುಂಡು ದಾರವಾಗುತ್ತದೆ. ಇಂಥ ಪಟ್ಟಿಯನ್ನು ಒಮ್ಮೆ ಕಳೆದುಕೊಂಡರೆ, ನೂರಾರು ಒಡೆಯರಿಂದ ಅದನ್ನು ಮರಳಿ ಕೊಂಡು ಕೂಡಿಸುವುದು ಬಹುತೇಕ ಅಸಾಧ್ಯ. ನಿರುಪಯುಕ್ತವೆಂದು ತೋರಿದ ಕಾಲದಲ್ಲಿಯೂ ಹಾದಿಯ ಬಹುಭಾಗವು ಹರಿದು ಹಂಚಿಹೋಗದೆ ಉಳಿದುದರಿಂದಲೇ ಮುಂದಿನವರಿಗೆ ಅದನ್ನು ಬಳಸುವ ಅವಕಾಶ ದೊರೆಯಿತು.

ಓಲೋಟ್‌ನಿಂದ ಸಮುದ್ರದವರೆಗೆ

ಓಲೋಟ್‌ನಿಂದ ಜಿರೋನಾಕ್ಕೆ ಈ ದಾರಿಯ ಉದ್ದ ಸುಮಾರು 54 ಕಿಲೋಮೀಟರು. ಓಲೋಟ್ ಇರುವುದು ಸಮುದ್ರಮಟ್ಟದಿಂದ ಸುಮಾರು 440 ಮೀಟರು ಎತ್ತರದಲ್ಲಿ. ಅಲ್ಲಿಂದ ಹೊರಟ ದಾರಿಯು ಲೆಸ್ ಪ್ರೆಸೆಸ್ ಊರಿನ ಲಾವಾ ಕಲ್ಲುಗೋಡೆಗಳ ಸಮೀಪದಲ್ಲಿ ಹಾದು, ಎನ್ ಬಾಸ್ ಬಯಲಿನ ಹೊಲಗಳ ನಡುವೆ ಸಾಗುತ್ತದೆ. ಬಳಿಕ ನಿಧಾನವಾಗಿ ಏರಿ, ಸುಮಾರು 620 ಮೀಟರು ಎತ್ತರದ ಕೋಲ್ ದೆನ್ ಬಾಸ್ ಎಂಬ ಕಣಿವೆಬಾಯಿಯನ್ನು ಮುಟ್ಟುತ್ತದೆ. ಇದೇ ಮಾರ್ಗದ ಅತ್ಯುನ್ನತ ಸ್ಥಾನ. ಇಲ್ಲಿ ಜಲವಿಭಾಜಕವಿದೆ. ಹಿಂದೆ ಬಿಟ್ಟ ಬಯಲಿನ ನೀರು ಫ್ಲುವಿಯಾ ನದಿಗೂ, ಮುಂದಿನ ಇಳಿಜಾರಿನ ನೀರು ಬ್ರುಜೆನ್ ಹೊಳೆಯ ಮೂಲಕ ಟೆರ್ ನದಿಗೂ ಸೇರುತ್ತದೆ.

ಇಲ್ಲಿಂದ ಜಿರೋನಾವರೆಗೆ ದಾರಿಯು ಇಳಿಯುತ್ತಲೇ ಹೋಗುತ್ತದೆ. ಸುಮಾರು 40 ಕಿಲೋಮೀಟರುಗಳಲ್ಲಿ 550 ಮೀಟರುಗಳಷ್ಟು ಇಳಿತ. ಸರಾಸರಿ ನೋಡಿದರೆ 100 ಮೀಟರಿಗೆ ಒಂದೂವರೆ ಮೀಟರಿಗಿಂತ ಕಡಿಮೆ. ಸಾಂತ್ ಫೆಲಿಯು ದೆ ಪಲ್ಲೆರೋಲ್ಸ್, ಲೆಸ್ ಪ್ಲಾನೆಸ್ ದೊಸ್ತೋಲೆಸ್ ಎಂಬ ಹಳ್ಳಿಗಳು ಒಂದರ ಬಳಿಕ ಒಂದು ಬರುತ್ತವೆ. ಬ್ರುಜೆನ್ ಹೊಳೆಯ ಕಣಿವೆಯಲ್ಲಿಯೂ ಹಿಂದೊಮ್ಮೆ ಲಾವಾ ಹರಿದಿರುವುದರಿಂದ ಅಲ್ಲಲ್ಲಿ ಬಸಾಲ್ಟ್ ಬಂಡೆಗಳು ಕಾಣಸಿಗುತ್ತವೆ. ಮುಂದೆ ಅಮೇರ್ ಊರು ಬರುತ್ತದೆ. 1427ರ ಭೂಕಂಪದಿಂದ ಜರ್ಜರಿತವಾದ ಈ ಊರಿನಲ್ಲಿ ಪುರಾತನವಾದ ಬೆನೆಡಿಕ್ಟೀನ್ ಮಠವೊಂದಿದೆ. ಅನಂತರ ಅಂಗ್ಲೆಸ್, ಬೆಸ್ಕಾನೋ, ಸಾಲ್ಟ್ ಊರುಗಳನ್ನು ದಾಟಿ, ಟೆರ್ ನದಿಯ ಬಯಲಿನಲ್ಲಿ ತೋಟಗಳ ನಡುವೆ ಸಾಗಿ, ಸುಮಾರು 70 ಮೀಟರು ಎತ್ತರದಲ್ಲಿರುವ ಜಿರೋನಾ ನಗರವನ್ನು ಸೇರಬಹುದು. ಇನ್ನೂ ಮುಂದುವರಿಯಲು ಇಚ್ಛಿಸುವವರಿಗೆ ಇನ್ನೊಂದು ಹಳೆಯ ರೈಲು ಮಾರ್ಗದ ಹಾದಿ ಸಿದ್ಧವಿದೆ. ಸುಮಾರು 40 ಕಿಲೋಮೀಟರು ಸಾಗಿದರೆ ಮೆಡಿಟರೇನಿಯನ್ ಸಮುದ್ರತೀರದ ಸಾಂತ್ ಫೆಲಿಯು ದೆ ಗೀಶೋಲ್ಸ್ ಬಂದರು. ಹೀಗೆ ಅಗ್ನಿಪರ್ವತದ ತಪ್ಪಲಿನಿಂದ ಸಮುದ್ರದ ಅಲೆಗಳವರೆಗಿನ ಪಯಣವನ್ನು ಎರಡು ಮೂರು ದಿನಗಳಲ್ಲಿ ವಿರಾಮವಾಗಿ ಮುಗಿಸಬಹುದು.

ದಾರಿಯ ಬಹುಭಾಗವು ಗಟ್ಟಿಸಿದ ಮಣ್ಣಿನದು. ಹಳೆಯ ನಿಲ್ದಾಣಗಳಲ್ಲಿ ಕೆಲವು ಪ್ರವಾಸಿಗರ ಉಪಯೋಗಕ್ಕೆ ಒದಗಿವೆ. ಊರುಗಳ ಹತ್ತಿರ ಕೆಲವೆಡೆ ಹೆದ್ದಾರಿಯನ್ನು ಅಡ್ಡಹಾಯಬೇಕಾಗುತ್ತದೆ. ಹಳ್ಳಿಯ ಬೀದಿಗಳನ್ನು ಹಂಚಿಕೊಳ್ಳಬೇಕಾಗುತ್ತದೆ. ಕ್ರೊಸ್ಕಾಟ್, ಸಾಂತಾ ಮಾರ್ಗರಿದಾ, ಬೀಚ್ ಕಾಡು ಇವು ಈ ದಾರಿಯ ಮೇಲೆಯೇ ಇಲ್ಲ. ಓಲೋಟ್‌ಗೆ ಪೂರ್ವದ ಕಡೆ ಕೆಲವು ಕಿಲೋಮೀಟರು ದೂರದಲ್ಲಿರುವ ಅವುಗಳನ್ನು ನೋಡಲು ಒಂದು ದಿನವನ್ನು ಬೇರೆಯಾಗಿಯೇ ಇಟ್ಟುಕೊಳ್ಳುವುದು ಒಳಿತು. ಓಲೋಟ್‌ನಿಂದ ಫ್ಲುವಿಯಾ ನದಿಯ ಕೆಳಮುಖವಾಗಿ ಹೋದರೆ ಕಸ್ತೆಲ್ ಫೊಲ್ಲಿತ್ ಎಂಬ ಊರು ಸಿಗುತ್ತದೆ. ಎರಡು ಲಾವಾ ಪ್ರವಾಹಗಳು ಒಂದರ ಮೇಲೊಂದು ಗಟ್ಟಿಯಾಗಿ, ನದಿಗಳ ಕೊರೆತಕ್ಕೆ ಸಿಕ್ಕಿ, 50 ಮೀಟರು ಎತ್ತರದ ಗೋಡೆಯಾಗಿ ನಿಂತಿವೆ. ಅದರ ಅಂಚಿಗೇ ಮನೆಗಳನ್ನು ಕಟ್ಟಿದ್ದಾರೆ. ತಣಿಯುವಾಗ ಲಾವಾ ಕುಗ್ಗಿ ಬಿರಿದುದರಿಂದ ಆ ಗೋಡೆಯಲ್ಲಿ ಕಂಬಗಳಂಥ ರಚನೆಗಳು ಕಾಣುತ್ತವೆ. ಮಲ್ಪೆಯ ಬಳಿಯ ಸೇಂಟ್ ಮೇರೀಸ್ ದ್ವೀಪದ ಶಿಲಾಸ್ತಂಭಗಳನ್ನು ನೋಡಿದವರಿಗೆ, ಶಿಲೆಯ ಜಾತಿ ಬೇರೆಯಾದರೂ, ಈ ದೃಶ್ಯವು ಚಿರಪರಿಚಿತವೆನಿಸದೆ ಇರದು.

ಲಾಭ ನಷ್ಟಗಳ ವಿವೇಚನೆ

ಈ ದಾರಿಯಿಂದ ಆದುದೆಲ್ಲವೂ ಲಾಭವೇ ಎಂದು ಹೇಳುವುದು ಸತ್ಯಕ್ಕೆ ದೂರವಾದೀತು. ರೈಲು ನಿಂತಾಗ ಆ ಕಣಿವೆಯ ಹಳ್ಳಿಗರು ತಮ್ಮದೊಂದು ಸೌಕರ್ಯವನ್ನು ಕಳೆದುಕೊಂಡರು. ಓಲೋಟ್‌ಗೆ ಇಂದಿಗೂ ರೈಲು ಇಲ್ಲ. ಸ್ವಂತ ವಾಹನವಿಲ್ಲದ ವೃದ್ಧರಿಗೆ ಬಸ್ಸೇ ಗತಿ. ವಿಹಾರಕ್ಕೆಂದು ಬಂದವನ ಸೈಕಲ್ ಹಾದಿಯು ಆಸ್ಪತ್ರೆಗೆ ಹೋಗಬೇಕಾದವರ ರೈಲಿಗೆ ಬದಲಿಯಾಗಲಾರದು. ಇದನ್ನು ಮರೆತು ಹಸಿರು ದಾರಿಯನ್ನು ಹೊಗಳುವುದು ನ್ಯಾಯವಲ್ಲ.

ಪ್ರಕೃತಿಯ ಮೇಲಣ ಒತ್ತಡವೂ ಕಡಿಮೆಯಿಲ್ಲ. ಶರದೃತುವಿನಲ್ಲಿ ಬೀಚ್ ಎಲೆಗಳು ಕೆಂಪೇರಿದಾಗ ಆ ಕಾಡನ್ನು ನೋಡಲು ಜನಸಂದಣಿ ನೆರೆಯುತ್ತದೆ. ಅಗ್ನಿಪರ್ವತದ ಜಲ್ಲಿಯ ಇಳಿಜಾರು ಕಾಲ್ತುಳಿತಕ್ಕೆ ಬೇಗ ಸವೆಯುವುದರಿಂದ ಗೊತ್ತುಪಡಿಸಿದ ಹಾದಿಯನ್ನು ಬಿಟ್ಟು ನಡೆಯುವುದಕ್ಕೆ ಅವಕಾಶವಿಲ್ಲ. ಕ್ರೊಸ್ಕಾಟ್‌ನ ತುದಿಗೆ ಹತ್ತುವುದನ್ನು ನಿಷೇಧಿಸಲಾಗಿದೆ. ನೋಡುವ ಆಸೆಯೇ ನೋಡತಕ್ಕ ವಸ್ತುವನ್ನು ನುಂಗದಂತೆ ಕಾಯುವುದು ಗಣಿಯನ್ನು ನಿಲ್ಲಿಸಿದಷ್ಟೇ ಕಷ್ಟದ ಕಾರ್ಯ.

ಇಷ್ಟಿದ್ದರೂ ಈ ದಾರಿಯ ಹಿರಿಮೆ ಕುಂದುವುದಿಲ್ಲ. ಸೈಕಲ್ ಸವಾರನು ಗಂಟೆಗೆ ಹನ್ನೆರಡು ಹದಿನೈದು ಕಿಲೋಮೀಟರು ಸಾಗುತ್ತಾನೆ. ಬೆಟ್ಟ ಎಲ್ಲಿ ಮುಗಿದು ಬಯಲು ಎಲ್ಲಿ ಮೊದಲಾಯಿತು, ಕಲ್ಲಿನ ಬಣ್ಣ ಯಾವಾಗ ಬದಲಾಯಿತು, ಹೊಳೆ ಯಾವ ಕಡೆ ತಿರುಗಿತು ಎಂಬುದನ್ನು ಗಮನಿಸಲು ಈ ವೇಗ ಸಾಕು. ಒಂದು ದಿನದಲ್ಲಿ ಒಂದು ಕಣಿವೆಯನ್ನು ಪೂರ್ಣವಾಗಿ ಕಾಣಲೂ ಇದು ಸಾಕು. ಹಿಂದೆ ಸದ್ದು ಮಾಡಿಕೊಂಡು ಬರುವ ವಾಹನದ ಭಯವಿಲ್ಲದಿದ್ದಾಗ ಕಣ್ಣು ರಸ್ತೆಯನ್ನು ಬಿಟ್ಟು ಸುತ್ತಲಿನ ನೆಲದ ಕಡೆ ಹೊರಳುತ್ತದೆ. ಭೂಗೋಳದ ಪಾಠವನ್ನು ಕಾಲಿನಿಂದ ಕಲಿಯುವ ಬಗೆ ಇದು.

ಗರೋಚಾದ ಜನರು ಮಾಡಿದುದನ್ನು ಸಂಗ್ರಹವಾಗಿ ಹೇಳುವುದಾದರೆ, ಅವರು ಹೊಸದಾಗಿ ಕಟ್ಟಿದುದು ಕಡಿಮೆ, ಹಾಳಾಗದಂತೆ ಉಳಿಸಿಕೊಂಡುದು ಹೆಚ್ಚು. ಅಗ್ನಿಪರ್ವತಗಳನ್ನು ಅವರು ಸೃಷ್ಟಿಸಲಿಲ್ಲ, ಕೊರೆತವನ್ನು ತಡೆದರು. ರೈಲಿನ ಹಾದಿಯನ್ನು ಅವರ ಹಿಂದಿನವರು ಹಾಕಿದರು. ಇವರು ಅದನ್ನು ಮುಳ್ಳಿನಿಂದ ಬಿಡಿಸಿಕೊಂಡರು. ಇಂದು ಪ್ರಯೋಜನವಿಲ್ಲವೆಂದು ಕಾಣುವ ವಸ್ತುವಿನಲ್ಲಿ ನಾಳಿನ ಪ್ರಯೋಜನವು ಅಡಗಿರಬಹುದು. ಅದನ್ನು ತುಂಡರಿಸಿ ಹಂಚಿಕೊಳ್ಳುವುದು ಸುಲಭ, ಕಾದಿಡುವುದು ಕಷ್ಟ. ಎಲ್ಲ ಊರುಗಳಲ್ಲಿಯೂ ಅಗ್ನಿಪರ್ವತಗಳಿಲ್ಲ. ಆದರೆ ಒತ್ತುವರಿಯಾಗುತ್ತಿರುವ ಹಳೆಯ ಬಂಡಿದಾರಿ, ಹೂಳು ತುಂಬಿದ ಕೆರೆ, ಕಲ್ಲಿಗಾಗಿ ಕರಗುತ್ತಿರುವ ಗುಡ್ಡ ಇಲ್ಲದ ಊರು ಅಪರೂಪ. ಬೆಳೆಯುವ ವಿದ್ಯಾರ್ಥಿಗಳು ತಮ್ಮ ಊರಿನ ಇಂಥ ಒಂದು ದಾರಿಯನ್ನು ಒಮ್ಮೆ ಸೈಕಲ್ ಮೇಲೆ ಸಾಗಿ, ಅದು ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು, ಎಲ್ಲಿ ತುಂಡಾಗಿದೆ ಎಂಬುದನ್ನು ಗುರುತಿಸಿದರೆ, ಉಳಿಸುವ ಕಾರ್ಯಕ್ಕೆ ಅದೇ ಮೊದಲ ಹೆಜ್ಜೆಯಾದೀತು.